ಆರು ಗೆರೆಯಿಂದ ಐದು ಗೆರೆಗೆ: ಲ್ಯೂಟ್ ಸಂಗೀತದ ಲಿಪ್ಯಂತರಗಳು

ಎರಡು ವರ್ಷದ ಹಿಂದಿನ ಮಾತು. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ನಾನು ಗಿಟಾರ್ ಹಿಡಿದು ಜಾನ್ ಡೌಲಂಡ್‌ನ ಒಂದು ರಚನೆಯನ್ನು ನುಡಿಸುತ್ತ ಕೂತಿದ್ದೆ. ಎಂಟೆಕ್ ಓದುವಾಗ ಹಾಸ್ಟೆಲ್ಲಿನಲ್ಲಿ ಕಲಿತ ಗಿಟಾರ್. ಕೆಲಸ, ಮದುವೆ, ಡೆಡ್‌ಲೈನುಗಳ ನಡುವೆ ಹದಿನೈದು ವರ್ಷ ಕಪಾಟಿನ ಮೇಲೆ ಮಲಗಿತ್ತು. ನನ್ನ ಮಗಳು ಪಿಯಾನೊ ಕಲಿಯುತ್ತಾಳೆ, ಸ್ಟಾಫ್ ನೊಟೇಶನ್ ಅವಳಿಗೆ ಪೇಪರ್ ಓದಿದಷ್ಟೇ ಸಲೀಸು. ಪಕ್ಕದಲ್ಲಿ ಬಂದು ನಿಂತವಳು, "ಪಪ್ಪಾ, ಇದನ್ನ ನಾನೂ ನುಡಿಸ್ಲಾ?" ಅಂದಳು. ನನ್ನ ಎದುರಿಗಿದ್ದ ಹಾಳೆ ನೋಡಿ ಮುಖ ಸಣ್ಣ ಮಾಡಿದಳು. ಅದರಲ್ಲಿ ಸ್ವರಗಳೇ ಇರಲಿಲ್ಲ. ಆರು ಗೆರೆ, ಗೆರೆಗಳ ಮೇಲೆ ಎ, ಬಿ, ಸಿ, ಡಿ ಅಕ್ಷರಗಳು. "ಇದು ಮ್ಯೂಸಿಕ್ಕಾ, ಪಾಸ್‌ವರ್ಡಾ?"

ಅವಳು ಓದಬಲ್ಲ ಲಿಪಿಯಲ್ಲಿ ಅದೇ ಸಂಗೀತವನ್ನು ಹುಡುಕಿ ಕೊಡುವುದು ನನ್ನ ಕೆಲಸವಾಯಿತು. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಎಸ್ಟಿಮೇಟ್ ತಪ್ಪುವುದು ನನ್ನ ವೃತ್ತಿಯಲ್ಲಿ ಹೊಸದೇನಲ್ಲ. ಆದರೆ ಈ ಹುಡುಕಾಟದಲ್ಲಿ ಕೈಗೆ ಬಂದ ಪುಸ್ತಕಗಳನ್ನು ಓದುತ್ತ ನುಡಿಸುತ್ತ, ಪ್ರಶ್ನೆ ಪುಸ್ತಕ ಎಲ್ಲಿ ಸಿಗುತ್ತದೆ ಎಂಬಷ್ಟಕ್ಕೇ ಮುಗಿಯುವುದಿಲ್ಲ ಎಂದು ತಿಳಿಯಿತು. ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟುವಾಗ ಸಂಗೀತದಲ್ಲಿ ಏನು ಉಳಿಯುತ್ತದೆ, ಏನು ಹೊಸದಾಗಿ ಸೇರಿಕೊಳ್ಳುತ್ತದೆ, ಯಾವ ಸಂಪಾದಕರು ಅದನ್ನು ಪ್ರಾಮಾಣಿಕವಾಗಿ ತೋರಿಸಿದ್ದಾರೆ ಎಂಬುದು ಈ ಬರಹದ ವಿಷಯ.

ಲ್ಯೂಟ್ ಬಗ್ಗೆ ಎರಡು ಮಾತು. ಅರಬ್ಬರ ಊದ್ ವಾದ್ಯದಿಂದ ಹುಟ್ಟಿ, ಹದಿನಾರನೆಯ ಶತಮಾನದ ಯುರೋಪಿನಲ್ಲಿ ಅರಮನೆಯಿಂದ ಮನೆಯವರೆಗೆ ಹರಡಿದ, ಅರ್ಧ ಸೀಳಿದ ಹಣ್ಣಿನ ಹಾಗೆ ಬೆನ್ನುಬ್ಬಿದ ವಾದ್ಯ ಅದು. ತಂತಿಗಳು ಜೋಡಿ ಜೋಡಿಯಾಗಿರುತ್ತವೆ. ಶತಮಾನದ ಮೊದಲಿಗೆ ಆರು ಸಾಲು, ಡೌಲಂಡ್‌ನ ಕಾಲಕ್ಕೆ ಏಳು, ಎಂಟು, ಒಂಬತ್ತು. ಇದರ ಸಂಗೀತವನ್ನು ಬರೆದದ್ದು ಟ್ಯಾಬ್ಲೇಚರ್ ಎಂಬ ಲಿಪಿಯಲ್ಲಿ. ಒಂದೊಂದು ಗೆರೆ ಒಂದೊಂದು ತಂತಿ. ಗೆರೆಯ ಮೇಲಿನ ಅಕ್ಷರ ಯಾವ ಮೆಟ್ಟಿನಲ್ಲಿ ಬೆರಳಿಡಬೇಕು ಎಂಬುದನ್ನು ಹೇಳುತ್ತದೆ. 'ಎ' ಅಂದರೆ ಬಿಡಿ ತಂತಿ, 'ಬಿ' ಅಂದರೆ ಮೊದಲ ಮೆಟ್ಟು. ಇದು ಫ್ರೆಂಚರ ಪದ್ಧತಿ, ಇಂಗ್ಲೆಂಡೂ ಇದನ್ನೇ ಹಿಡಿಯಿತು. ಇಟಲಿಯವರು ಅಕ್ಷರದ ಬದಲು ಅಂಕಿ ಬಳಸಿದರು. ಸಾಲದ್ದಕ್ಕೆ ಗೆರೆಗಳನ್ನು ತಲೆಕೆಳಗು ಮಾಡಿದರು: ಅವರ ಮೇಲಿನ ಗೆರೆಯೇ ಅತಿ ಮಂದ್ರದ ತಂತಿ. ಜರ್ಮನರ ಪದ್ಧತಿಯಲ್ಲಿ ಗೆರೆಗಳೇ ಇಲ್ಲ. ಪ್ರತಿ ತಂತಿಯ ಪ್ರತಿ ಮೆಟ್ಟಿಗೂ ಬೇರೆಬೇರೆ ಚಿಹ್ನೆ. ಇದನ್ನು ಕಂಡುಹಿಡಿದದ್ದು ಹುಟ್ಟುಕುರುಡನಾಗಿದ್ದ ಆರ್ಗನ್ ವಾದಕ ಕಾನ್ರಾಡ್ ಪೌಮನ್ ಎಂಬ ನಂಬಿಕೆಯಿದೆ. 1511ರಲ್ಲಿ ಅಚ್ಚಾದ ವಿರ್ಡುಂಗ್‌ನ ಪುಸ್ತಕದಷ್ಟು ಹಳೆಯ ಮಾತು ಅದು. ಕಣ್ಣಿಲ್ಲದವನು ಬಾಯಲ್ಲಿ ಹೇಳಿ ಬರೆಸುವುದಕ್ಕೆ ಗೆರೆಗಳಿಗಿಂತ ಬಿಡಿ ಚಿಹ್ನೆಗಳೇ ಸುಲಭ ಎಂದು ಯೋಚಿಸಿದರೆ ಆ ಕಷ್ಟದ ಪದ್ಧತಿಯ ಮೇಲೂ ಸ್ವಲ್ಪ ಕರುಣೆ ಬರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ, ನನಗೂ ಇತ್ತು. ಸ್ಟಾಫ್ ನೊಟೇಶನ್ 'ನಿಜವಾದ' ಲಿಪಿ, ಟ್ಯಾಬ್ಲೇಚರ್ ಕಲಿಯದವರ ಅಡ್ಡದಾರಿ ಎಂಬುದು. ಚರಿತ್ರೆ ಬೇರೆಯೇ ಹೇಳುತ್ತದೆ. ವೆನಿಸ್‌ನ ಪೆಟ್ರೂಚಿ 1501ರಲ್ಲೇ ಬಹುಧ್ವನಿ ಗಾಯನವನ್ನು ಸ್ಟಾಫ್ ಗೆರೆಗಳಲ್ಲಿ ಅಂದವಾಗಿ ಅಚ್ಚು ಹಾಕಿದ್ದ. ಅದೇ ಮುದ್ರಕ 1507ರಲ್ಲಿ ಸ್ಪಿನಚೀನೋನ ಲ್ಯೂಟ್ ಪುಸ್ತಕ ತಂದಾಗ ಟ್ಯಾಬ್ಲೇಚರ್ ಬಳಸಿದ. ಅಚ್ಚುಮೊಳೆ ಇಲ್ಲದೆ ಹಾಗೆ ಮಾಡಿದ್ದಲ್ಲ. ಇನ್ನೂ ಚೆನ್ನಾದ ಸಾಕ್ಷಿ ಡೌಲಂಡ್‌ನ 1597ರ ಮೊದಲ ಹಾಡಿನ ಪುಸ್ತಕ. ಹಾಡುವವರ ಭಾಗ ಸ್ಟಾಫಿನಲ್ಲಿ, ಅದರ ಕೆಳಗೇ ಲ್ಯೂಟಿನ ಭಾಗ ಟ್ಯಾಬ್ಲೇಚರಿನಲ್ಲಿ. ಎದುರು ಪುಟದಲ್ಲಿ ಉಳಿದ ಗಾಯಕರ ಭಾಗಗಳು ಒಂದೊಂದು ದಿಕ್ಕಿಗೆ ತಿರುಗಿವೆ, ಮೇಜಿನ ಸುತ್ತ ಕೂತು ಒಂದೇ ಪುಸ್ತಕ ನೋಡಿ ಹಾಡಲಿ ಎಂದು. ಒಂದೇ ಪುಟದಲ್ಲಿ ಎರಡು ಲಿಪಿ, ಎರಡಕ್ಕೂ ಒಂದೇ ಗೌರವ. ಕಾರಣವೂ ಸ್ಪಷ್ಟ. ಲ್ಯೂಟುಗಳು ಬೇರೆಬೇರೆ ಗಾತ್ರದವು, ಶ್ರುತಿ ಎಲ್ಲ ಕಡೆ ಒಂದೇ ಅಲ್ಲ. ಬೆರಳಿನ ಜಾಗ ಬರೆದರೆ ಯಾವ ಲ್ಯೂಟಿಗಾದರೂ ಸಲ್ಲುತ್ತದೆ. ಇಂದು ನಾವು ಆರು ಸಾಲಿನ ಲ್ಯೂಟ್ ಅಂದರೆ ಜಿ, ಸಿ, ಎಫ್, ಎ, ಡಿ, ಜಿ ಎಂದು ಹಿಡಿಯುವುದು ಒಂದು ಒಪ್ಪಂದ ಮಾತ್ರ.

ಟ್ಯಾಬ್ಲೇಚರ್ ಹೇಳದಿರುವುದೇನು? ಗೆರೆಗಳ ಮೇಲೆ ಕಾಲದ ಚಿಹ್ನೆ ಇರುತ್ತದೆ, ಆದರೆ ಅದು ಹೇಳುವುದು ಒಂದು ಮೀಟಿನಿಂದ ಮುಂದಿನ ಮೀಟಿಗೆ ಎಷ್ಟು ಹೊತ್ತು ಎಂದು. ಮೀಟಿದ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂದು ಹೇಳುವುದಿಲ್ಲ. ಒಂದು ಮಂದ್ರ ಸ್ವರ, ಅದರ ಮೇಲೆ ಮೂರು ತಾರ ಸ್ವರ ಬಂದವು ಅನ್ನಿ. ಆ ಮಂದ್ರ ಒಂದು ಮಾತ್ರೆಯೋ ನಾಲ್ಕು ಮಾತ್ರೆಯೋ? ಹಾಳೆಯಲ್ಲಿ ಉತ್ತರವಿಲ್ಲ. ನುಡಿಸುವವನ ಕಿವಿಗೂ ಬೆರಳಿಗೂ ಬಿಟ್ಟದ್ದು. ಸ್ಟಾಫಿನಲ್ಲಿ ಹಾಗೆ ಬಿಡುವಂತಿಲ್ಲ. ಪ್ರತಿ ಸ್ವರಕ್ಕೂ ಒಂದು ಆಕಾರ, ಒಂದು ಅವಧಿ ಕೊಡಲೇಬೇಕು. ಯಾವ ಸ್ವರ ಯಾವ ಧ್ವನಿಗೆ ಸೇರಿದ್ದು, ಮೇಲಿನದಕ್ಕೋ ನಡುವಿನದಕ್ಕೋ ಕೆಳಗಿನದಕ್ಕೋ, ಅದನ್ನೂ ತೀರ್ಮಾನಿಸಬೇಕು. ಅಂದರೆ ಲಿಪ್ಯಂತರಕಾರ ಬರಿಯ ನಕಲುಗಾರನಲ್ಲ. ಸಾಲುಸಾಲಿಗೂ ಸಂಗೀತದ ಅರ್ಥ ಹೇಳುತ್ತ ಹೋಗುವವನು.

ಹಾಗೆಂದು ಟ್ಯಾಬ್ಲೇಚರೇ ಅಸ್ಪಷ್ಟ ಎಂದೂ ಅಲ್ಲ. ಆ ಕಾಲದ ಗಾಯನದ ಹಾಳೆಗಳಲ್ಲಿ ಎಷ್ಟೋ ಕಡೆ ತೀವ್ರ, ಕೋಮಲ ಬರೆಯುತ್ತಿರಲಿಲ್ಲ, ಹಾಡುವವರಿಗೆ ರೂಢಿಯಿಂದ ಗೊತ್ತಿರುತ್ತಿತ್ತು. ಟ್ಯಾಬ್ಲೇಚರಿನಲ್ಲಿ ಆ ಸಂಶಯಕ್ಕೆ ಎಡೆಯಿಲ್ಲ. ಎರಡನೆಯ ಮೆಟ್ಟು ಅಂದರೆ ಎರಡನೆಯ ಮೆಟ್ಟು. ಹಾಡುಗಳನ್ನು ಲ್ಯೂಟಿಗೆ ಇಳಿಸಿದ ಹಾಳೆಗಳನ್ನು ನೋಡಿ, ಆ ಹಾಡುಗಳಲ್ಲಿ ಯಾವ ಸ್ವರ ತೀವ್ರವಾಗಿ ಹಾಡುತ್ತಿದ್ದರು ಎಂದು ಇಂದಿನ ವಿದ್ವಾಂಸರು ಊಹಿಸುವುದುಂಟು. ಒಂದು ಲಿಪಿ ಮರೆತದ್ದನ್ನು ಇನ್ನೊಂದು ನೆನಪಿಟ್ಟುಕೊಂಡಿದೆ.

ಈಗ ನನ್ನ ಕೈಗೆ ಸಿಕ್ಕ ಪುಸ್ತಕಗಳಿಗೆ ಬರುತ್ತೇನೆ. ಇವು ಮೂರು ಬಗೆ.

ಮೊದಲನೆಯದು ಹತ್ತೊಂಬತ್ತನೆಯ ಶತಮಾನದ ಕೊನೆಯವರ ಕೆಲಸ, ಮುಖ್ಯವಾಗಿ ಇಟಲಿಯ ಓಸ್ಕರ್ ಕಿಲೆಸೋಟ್ಟಿಯದು (1848–1916). ಕಾನೂನು ಓದಿದ ಮನುಷ್ಯ. ಲ್ಯೂಟ್ ನುಡಿಸುವವರು ಹೆಚ್ಚುಕಡಿಮೆ ಇಲ್ಲವಾಗಿದ್ದ ಕಾಲದಲ್ಲಿ ಹಳೆಯ ಟ್ಯಾಬ್ಲೇಚರ್ ಹಾಳೆಗಳನ್ನು ಹಿಡಿದು ಸ್ಟಾಫಿಗೆ ಇಳಿಸಿದ. ಅವನಿಲ್ಲದಿದ್ದರೆ ರೆಸ್ಪೀಗಿಯ 'ಪ್ರಾಚೀನ ಗೀತ ಮತ್ತು ನೃತ್ಯ'ಗಳೂ ಇರುತ್ತಿರಲಿಲ್ಲ. 1917ರಲ್ಲಿ ಬಂದ ಮೊದಲ ಸರಣಿಯನ್ನು ರೆಸ್ಪೀಗಿ ಕಟ್ಟಿದ್ದು ಕಿಲೆಸೋಟ್ಟಿಯ ಲಿಪ್ಯಂತರಗಳ ಮೇಲೆ. ವಾದ್ಯವೃಂದ ಆ ಹಾಡುಗಳನ್ನು ನುಡಿಸುವುದನ್ನು ಕೇಳಿದವರಲ್ಲಿ ಎಷ್ಟೋ ಮಂದಿಗೆ ಅದರ ಬುಡದಲ್ಲಿ ಲ್ಯೂಟ್ ಇದೆ ಎಂಬುದೇ ಗೊತ್ತಿರಲಿಕ್ಕಿಲ್ಲ. ಲಿಪಿ ಬದಲಾದದ್ದರಿಂದ ಸಂಗೀತ ಬದುಕಿತು, ಇದನ್ನು ಯಾರೂ ಅಲ್ಲಗಳೆಯಲಾರರು. ಕೊರತೆ ಒಂದೇ: ಮೂಲ ಅಕ್ಷರ, ಅಂಕಿಗಳು ಪಕ್ಕದಲ್ಲಿಲ್ಲದ ಲಿಪ್ಯಂತರದಲ್ಲಿ ಸಂಪಾದಕ ಎಲ್ಲಿ ಊಹಿಸಿದ್ದಾನೆ, ಎಲ್ಲಿ ಕಂಡದ್ದನ್ನೇ ಬರೆದಿದ್ದಾನೆ ಎಂದು ಓದುಗನಿಗೆ ತಿಳಿಯುವ ದಾರಿಯಿಲ್ಲ. ನಂಬಬೇಕು, ಅಷ್ಟೇ.

ಎರಡನೆಯದು ಗಿಟಾರ್ ವಾದಕರಿಗಾಗಿ ಮಾಡಿದ ಪುಸ್ತಕಗಳು. ಫ್ರೆಡರಿಕ್ ನೋಡ್‌ನ 'ದಿ ರಿನೈಸೆನ್ಸ್ ಗಿಟಾರ್' (1974) ಈ ಬಗೆಯಲ್ಲಿ ಬಹಳ ಮಂದಿಯ ಕೈ ದಾಟಿದ ಪುಸ್ತಕ. ಒಂದೇ ಸ್ಟಾಫ್, ಗಿಟಾರಿನ ಶ್ರುತಿಗೆ ಹೊಂದಿಸಿದ ಸ್ವರಗಳು, ಬೆರಳಿನ ಗುರುತುಗಳೂ ಉಂಟು. ಕೂತ ದಿನವೇ ಏನಾದರೊಂದು ನುಡಿಸಬಹುದು. ಕಲಿಯುವವನ ಉತ್ಸಾಹ ಕುಂದದಂತೆ ಸುಲಭದಿಂದ ಕಷ್ಟಕ್ಕೆ ಹೆಜ್ಜೆ ಹಾಕುತ್ತದೆ. ನಾನು ಈ ಸಂಗೀತಕ್ಕೆ ಬಂದದ್ದೇ ಇಂಥ ಪುಸ್ತಕದಿಂದ, ಆ ಋಣ ನನ್ನ ಮೇಲಿದೆ. ಆದರೆ ಇಂಥ ಪುಸ್ತಕಗಳು ಕೈಗೆ ಒಗ್ಗುವಂತೆ ಮೂಲವನ್ನು ಸ್ವಲ್ಪ ಅಲ್ಲಿ ಇಲ್ಲಿ ಸರಿಸುತ್ತವೆ. ಲ್ಯೂಟಿನ ಏಳನೆಯ ತಂತಿಯ ಸ್ವರ ಗಿಟಾರಿನಲ್ಲಿ ಇಲ್ಲ, ಅದು ಒಂದು ಸ್ಥಾಯಿ ಮೇಲೆ ಹೋಗಬೇಕಾಗುತ್ತದೆ. ಗಿಟಾರಿನವನಿಗೆ ಇದರಲ್ಲಿ ತಪ್ಪೇನೂ ಕಾಣದು. ನನ್ನ ಮಗಳಂಥವರಿಗೆ ಇದು ಅನುವಾದದ ಅನುವಾದ.

ಒಂದು ಉಪಾಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಗಿಟಾರಿನ ಮೂರನೆಯ ತಂತಿಯನ್ನು ಅರ್ಧ ಸ್ವರ ಇಳಿಸಿ, ಮೂರನೆಯ ಮೆಟ್ಟಿಗೆ ಕೇಪೋ ಹಾಕಿದರೆ ಆರು ಸಾಲಿನ ಲ್ಯೂಟಿನ ಶ್ರುತಿ ಬರುತ್ತದೆ. ಆಮೇಲೆ ಮೂಲ ಟ್ಯಾಬ್ಲೇಚರನ್ನೇ ನೇರ ನುಡಿಸಬಹುದು. ಫ್ರೆಂಚ್ ಪದ್ಧತಿ ಕಲಿಯಲು ಒಂದು ಸಂಜೆ ಸಾಕು. 'ಸಿ' ಅಕ್ಷರ ನೋಡಲು 'ಆರ್' ಥರ ಇರುತ್ತದೆ ಎಂಬುದೊಂದನ್ನು ನೆನಪಿಟ್ಟುಕೊಳ್ಳಿ. ನಾನು ಆ ಭಾನುವಾರ ನುಡಿಸುತ್ತಿದ್ದದ್ದು ಹೀಗೆಯೇ.

ಮೂರನೆಯ ಬಗೆ ಎರಡೂ ಲಿಪಿಗಳನ್ನು ಒಟ್ಟಿಗೆ ಕೊಡುವ ವಿದ್ವತ್ ಆವೃತ್ತಿಗಳು. ಮಿಲಾನಿನ ಫ್ರಾನ್ಸೆಸ್ಕೊ (1497–1543) ರಚನೆಗಳನ್ನು ಆರ್ಥರ್ ನೆಸ್ ಸಂಪಾದಿಸಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೆಸ್ 1970ರಲ್ಲಿ ತಂದದ್ದು ಒಂದು. ಡಯಾನಾ ಪೌಲ್ಟನ್ ಮತ್ತು ಬೇಸಿಲ್ ಲ್ಯಾಮ್ ಸೇರಿ ಸಂಪಾದಿಸಿದ, ಫೇಬರ್ ಮ್ಯೂಸಿಕ್ 1974ರಲ್ಲಿ ಪ್ರಕಟಿಸಿದ ಡೌಲಂಡ್‌ನ ಸಮಗ್ರ ಲ್ಯೂಟ್ ಸಂಗೀತ ಇನ್ನೊಂದು. ನಾನು ಕೊನೆಗೆ ತರಿಸಿಕೊಂಡದ್ದು ಈ ಎರಡನೆಯದನ್ನು. ಇದರಲ್ಲಿ ಟ್ಯಾಬ್ಲೇಚರೂ ಇದೆ, ಜೊತೆಗೇ ಪಿಯಾನೊ ಸಂಗೀತದ ಹಾಗೆ ಎರಡು ಸ್ಟಾಫಿನ ಲಿಪ್ಯಂತರವೂ ಇದೆ. ಪೌಲ್ಟನ್ ಸ್ವತಃ ಲ್ಯೂಟ್ ವಾದಕಿ, 1972ರಲ್ಲಿ ಡೌಲಂಡ್ ಬಗ್ಗೆ ದೊಡ್ಡ ಪುಸ್ತಕ ಬರೆದವರು. ಇಂದಿಗೂ ಡೌಲಂಡ್‌ನ ರಚನೆಗಳನ್ನು ಅವರ ಕ್ರಮಸಂಖ್ಯೆಯಿಂದಲೇ ಗುರುತಿಸುವುದು ರೂಢಿ.

ಪುಸ್ತಕ ಬಂದ ಸಂಜೆ ಮಗಳ ಮುಂದೆ ಹದಿನೈದನೆಯ ರಚನೆ ತೆರೆದಿಟ್ಟೆ, 'ಲ್ಯಾಕ್ರಿಮೆ'. ಕಣ್ಣೀರು ಎಂದರ್ಥ. ಅದರ ಮೊದಲ ನಾಲ್ಕು ಇಳಿಯುವ ಸ್ವರ ನಮ್ಮ ಲೆಕ್ಕದಲ್ಲಿ ಸ–ನಿ–ಧ–ಪ, ನಿ ಧ ಎರಡೂ ಕೋಮಲ. ಯುರೋಪಿನ ತುಂಬ ಆ ನಾಲ್ಕು ಸ್ವರ ಹಬ್ಬಿದವು. ಡೌಲಂಡನೇ 1604ರಲ್ಲಿ ಅದರಿಂದ ವಯೋಲ್ ವಾದ್ಯಗಳಿಗೆ ಏಳು ಪಾವಾನ್ ಬರೆದ. ನಾನು ಅದನ್ನು ಗಿಟಾರಿನಲ್ಲಿ ವರ್ಷಗಟ್ಟಲೆ ನುಡಿಸಿದ್ದೆ. ಅವಳು ನಿಧಾನವಾಗಿ ಒಂದು ಸಲ ನುಡಿಸಿ, "ಪಪ್ಪಾ, ಇಲ್ಲಿ ಮೂರು ಜನ ಮಾತಾಡ್ತಾ ಇದಾರೆ" ಅಂದಳು. ನನಗೆ ನಾಚಿಕೆಯಾಯಿತು. ನನ್ನ ಬೆರಳಿಗೆ ಜಾಗ ಗೊತ್ತಿತ್ತು, ನನ್ನ ಕಿವಿ ಮೇಲಿನ ಧ್ವನಿಯೊಂದನ್ನೇ ಕೇಳುತ್ತಿತ್ತು. ನಡುವಿನ ಧ್ವನಿ ಒಬ್ಬರ ಮಾತಿಗೆ ಉತ್ತರ ಕೊಡುತ್ತಿದೆ ಎಂದು ಟ್ಯಾಬ್ಲೇಚರಿನ ಅಕ್ಷರಗಳಲ್ಲಿ ನನಗೆ ಕಂಡಿರಲಿಲ್ಲ.

ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ಎರಡನೆಯ ಸಂಖ್ಯೆಯ 'ಫರ್ಲಾರ್ನ್ ಹೋಪ್' ಫ್ಯಾನ್ಸಿಯಲ್ಲಿ. ಅರ್ಧ ಅರ್ಧ ಸ್ವರವಾಗಿ ಇಳಿಯುವ ಆರು ಸ್ವರಗಳೇ ಅದರ ಬೀಜ. ಅದು ಒಂದು ಧ್ವನಿಯಿಂದ ಇನ್ನೊಂದಕ್ಕೆ ದಾಟುತ್ತ, ಕೊನೆಗೆ ಸುತ್ತ ವೇಗದ ಸ್ವರಗಳು ಓಡುತ್ತಿರುವಾಗಲೂ ತಾನು ಇಳಿಯುತ್ತಲೇ ಇರುತ್ತದೆ. ಟ್ಯಾಬ್ಲೇಚರಿನಲ್ಲಿ ಆ ಆರು ಸ್ವರ ಎರಡು ಮೂರು ಗೆರೆಗಳ ಮೇಲೆ ಚದುರಿದ ಅಕ್ಷರಗಳು. ಸ್ಟಾಫಿನಲ್ಲಿ ಅದು ಕಣ್ಣಿಗೆ ಕಾಣುವ ಇಳಿಜಾರು. ರಚನೆಯ ಕಟ್ಟಡ ನೋಡಬೇಕೆಂದರೆ ಸ್ಟಾಫೇ ಬೇಕು, ಇದರಲ್ಲಿ ನನಗೆ ಸಂಶಯ ಉಳಿದಿಲ್ಲ.

ಹಾಗಾದರೆ ತಕರಾರು ಏನು? ಇಂಥ ಲಿಪ್ಯಂತರದಲ್ಲಿ ಧ್ವನಿಗಳ ನಡೆ ಚೆನ್ನಾಗಿ ಕಾಣಲಿ ಎಂದು ಸ್ವರಗಳಿಗೆ ಉದಾರವಾಗಿ ಅವಧಿ ಕೊಟ್ಟಿರುತ್ತಾರೆ. ಮಗಳು ಪಿಯಾನೊದಲ್ಲಿ ಒಂದು ಮಂದ್ರ ಸ್ವರವನ್ನು ಬರೆದಷ್ಟೂ ಹೊತ್ತು ಒತ್ತಿ ಹಿಡಿದಾಗ ತುಂಬ ಘನವಾಗಿ ಕೇಳಿಸಿತು. ನಾನು ಹಾಗೆ ಮಾಡಲು ಹೋದರೆ ಆಗಲಿಲ್ಲ. ಮುಂದಿನ ಸ್ವರಕ್ಕೆ ಅದೇ ಬೆರಳು ಏಳಬೇಕು. ಅಲ್ಲದೆ ಲ್ಯೂಟಿನ ನಾದ ಮೀಟಿದ ಕ್ಷಣದಿಂದಲೇ ಸಾಯುತ್ತ ಹೋಗುತ್ತದೆ. ಪೂರ್ತಿ ಹಿಡಿದ ಸ್ವರ ಅಲ್ಲಿ ಅರ್ಧ ಕಲ್ಪನೆಯದು. ಕೇಳುವವನ ಮನಸ್ಸು ಅದನ್ನು ಮುಂದುವರಿಸಿಕೊಳ್ಳುತ್ತದೆ. ಸ್ಟಾಫ್ ಆ ಕಲ್ಪನೆಯನ್ನು ಶಾಯಿಯಲ್ಲಿ ಬರೆದುಬಿಡುತ್ತದೆ. ಸಂಪಾದಕರು ಬರೆದದ್ದು ತಪ್ಪಲ್ಲ. ಆದರೆ ಅದು ವಾದ್ಯದಿಂದ ಬರುವ ಸದ್ದಿನ ಚಿತ್ರವಲ್ಲ, ರಚನೆಯ ಹಿಂದಿನ ಯೋಚನೆಯ ಚಿತ್ರ. ಮೇಲೇ ಟ್ಯಾಬ್ಲೇಚರ್ ಇರುವುದರಿಂದ ನಾನು ಇದನ್ನು ಪರೀಕ್ಷಿಸಿ ನೋಡಬಲ್ಲೆ, ಒಪ್ಪದಿರಬಲ್ಲೆ. ಪೌಲ್ಟನ್–ಲ್ಯಾಮ್ ಆವೃತ್ತಿಯ ದೊಡ್ಡತನ ನನಗೆ ಕಂಡದ್ದು ಇಲ್ಲಿ. ತಮ್ಮ ತೀರ್ಮಾನದ ಜೊತೆಗೇ ಅದನ್ನು ಪ್ರಶ್ನಿಸುವ ಸಾಧನವನ್ನೂ ಓದುಗನ ಕೈಗೆ ಕೊಟ್ಟಿದ್ದಾರೆ. ಸ್ಟಾಫನ್ನು ಮಾತ್ರ ಕೊಡುವ ಪುಸ್ತಕಗಳು, ಎಷ್ಟೇ ಚೆನ್ನಾಗಿದ್ದರೂ, ಈ ಅವಕಾಶ ಕೊಡುವುದಿಲ್ಲ.

ಇದು ಇಷ್ಟು ಮುಖ್ಯ ಎಂದು ನನಗೇಕೆ ಅನಿಸಿತು ಎಂಬುದನ್ನು ಹೇಳದಿದ್ದರೆ ಬರಹ ಅಪೂರ್ಣ. ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋಗಿದ್ದೆವು. ನನ್ನ ಅವ್ವನ ಹತ್ತಿರ ಹಾಡಿನ ವಹಿ ಒಂದಿದೆ, ದಾಸರ ಪದಗಳು, ಆರತಿ ಹಾಡುಗಳು, ಅಜ್ಜಿಯಿಂದ ಬಂದವು. ವಹಿಯಲ್ಲಿ ಇರುವುದು ಮಾತು ಮಾತ್ರ. ಧಾಟಿ ಎಲ್ಲೂ ಇಲ್ಲ. ಮಗಳು ಲ್ಯೂಟಿನ ಹುಮ್ಮಸ್ಸಿನಲ್ಲಿ, "ಅಜ್ಜಿ, ನೀವು ಹಾಡ್ರಿ, ನಾನು ಬರ್ಕೋತೀನಿ" ಅಂತ ಕೂತಳು. ಅವ್ವ ನಕ್ಕಳು. "ಇದನ್ನೇನ್ ಬರಕೋತಿಯವಾ, ಬಾಯಾಗ ತಾನ ಬರ್ತದ." ಆದರೂ ಹಾಡಿದಳು. ಮಗಳು ಐದು ಗೆರೆಗಳ ಮೇಲೆ ಬರೆದುಕೊಂಡು, ತಂದಿದ್ದ ಸಣ್ಣ ಕೀಬೋರ್ಡಿನಲ್ಲಿ ನುಡಿಸಿ ತೋರಿಸಿದಳು. ಅವ್ವ ತಲೆ ಒಂದು ಕಡೆ ಓರೆ ಮಾಡಿ ಪೂರ್ತಿ ಕೇಳಿದಳು. "ಹಾಡು ಅದೇ ಅದವಾ. ಆದ್ರ ಹಿಂಗಲ್ಲ" ಅಂದಳು.

ಎಲ್ಲಿ 'ಹಿಂಗಲ್ಲ' ಎಂದು ಕೇಳಿದರೆ ಅವಳಿಗೆ ಹೇಳಲು ಬರಲಿಲ್ಲ, ಮತ್ತೊಮ್ಮೆ ಹಾಡಿದಳು. ಆ ಹಾಡಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜಾಗದಲ್ಲಿ ಮಗಳು ಎರಡು ಚುಕ್ಕೆ ಇಟ್ಟಿದ್ದಳು. ಉಸಿರು ತೆಗೆದುಕೊಂಡ ಹೊತ್ತನ್ನು ತಾಳದ ಲೆಕ್ಕಕ್ಕೆ ಸೇರಿಸಿ ಸರಿ ಮಾಡಿದ್ದಳು. ಕಿಲೆಸೋಟ್ಟಿ ಮಾಡಿದ್ದೂ ಇದನ್ನೇ ಇರಬೇಕು ಅನಿಸಿತು. ನಮ್ಮಲ್ಲೇ 1904ರಲ್ಲಿ ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ಅಚ್ಚು ಹಾಕಿಸುವಾಗ ಬರಿಯ ಸ್ವರ ಸಾಲದೆಂದು ಗಮಕಗಳಿಗೇ ಬೇರೆ ಚಿಹ್ನೆ ಇಟ್ಟರು. ಹಾಡನ್ನು ಬಾಯಿಂದ ಬಾಯಿಗೆ ಪಡೆದ ಮನೆತನದವರಿಗೆ ಸ್ವರಲಿಪಿ ಎಷ್ಟನ್ನು ಬಿಡುತ್ತದೆ ಎಂದು ಗೊತ್ತಿತ್ತು. ಡೌಲಂಡ್‌ನ ವಿಷಯದಲ್ಲಿ ನಮಗೆ ಕೈಯ ಗುರುತಾದರೂ ಉಳಿದಿದೆ, ಬೆರಳು ಎಲ್ಲಿತ್ತು ಎಂಬುದು ನಾಲ್ಕು ನೂರು ವರ್ಷದ ನಂತರವೂ ಗೊತ್ತು. ಅವ್ವನ ವಹಿಯಲ್ಲಿ ಅದೂ ಇಲ್ಲ. ದಾಸರ ಎಷ್ಟೋ ಪದಗಳಿಗೆ ಆದದ್ದೂ ಇದೇ: ಮಾತು ಉಳಿಯಿತು, ಮೂಲದ ಧಾಟಿ ಹೋಯಿತು, ನಂತರದವರು ತಮತಮಗೆ ಒಪ್ಪಿದ ರಾಗ ಹಾಕಿ ಹಾಡಿದರು.

ಹಾಗಾಗಿ ಲಿಪ್ಯಂತರ ಬೇಡ ಎನ್ನುವ ಶುದ್ಧವಾದಿಗಳ ಜೊತೆ ನಾನಿಲ್ಲ. ಮಗಳು ಬರೆಯದಿದ್ದರೆ ಆ ಹಾಡಿನ ಒಂದು ಸ್ವರವೂ ಅವಳ ಕೈಗೆ ಬರುತ್ತಿರಲಿಲ್ಲ. ಸ್ಟಾಫಿಗೆ ಇಳಿಯದಿದ್ದರೆ ಲ್ಯಾಕ್ರಿಮೆ ಅವಳಿಗೆ ಪಾಸ್‌ವರ್ಡಾಗಿಯೇ ಉಳಿಯುತ್ತಿತ್ತು. ನನ್ನ ಬೇಡಿಕೆ ಸಣ್ಣದು. ಲಿಪ್ಯಂತರ ಮಾಡಿದವರು ಮೂಲವನ್ನು ಪಕ್ಕದಲ್ಲಿ ಇಡಲಿ.

ಈ ಸಂಗೀತ ಓದಲು ಹೊರಡುವವರಿಗೆ ನನ್ನ ಸಲಹೆ ಹೀಗೆ. ಪಿಯಾನೊ ಬರುತ್ತಿದ್ದರೆ ಪೌಲ್ಟನ್–ಲ್ಯಾಮ್ ಡೌಲಂಡ್‌ನಿಂದ ಶುರು ಮಾಡಿ, ಆಮೇಲೆ ನೆಸ್‌ನ ಫ್ರಾನ್ಸೆಸ್ಕೊ. ಗಿಟಾರ್ ಇದ್ದರೆ ನೋಡ್‌ನ ಪುಸ್ತಕದಿಂದ ಆರು ತಿಂಗಳು ರುಚಿ ನೋಡಿ, ನಂತರ ಮೂರನೆಯ ತಂತಿ ಇಳಿಸಿ ಟ್ಯಾಬ್ಲೇಚರಿಗೆ ದಾಟಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯ ಮ್ಯಾಥ್ಯೂ ಹೋಮ್ಸ್ ಕೈಬರಹದ ಲ್ಯೂಟ್ ಪುಸ್ತಕಗಳನ್ನು ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅಚ್ಚಿನ ಲಿಪ್ಯಂತರದಲ್ಲಿ ಎಲ್ಲಾದರೂ ಅನುಮಾನ ಬಂದರೆ ಆ ಮಸಿಯ ಅಕ್ಷರಗಳನ್ನು ಒಮ್ಮೆ ನೋಡಿ.

ಅವ್ವನ ಹಾಡನ್ನು ಆ ರಾತ್ರಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಮಗಳು ಬರೆದ ಹಾಳೆಯ ತಲೆಗೆ ಆ ಫೈಲಿನ ಹೆಸರು ಬರೆದಿಟ್ಟಿದ್ದಾಳೆ. ವಹಿಯಲ್ಲಿ ಇನ್ನೂ ನಲವತ್ತಕ್ಕಿಂತ ಹೆಚ್ಚು ಹಾಡುಗಳಿವೆ. ಯುಗಾದಿಗೆ ರಜೆ ಹಾಕಿದ್ದೇನೆ.